ಧ್ವನಿಕಡತಗಳ ಹೊಂದಾಣಿಕೆ: ದೋಷಗಳೂ ಪರಿಹಾರಗಳೂ

ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರು. ಮೀಮಾಂಸಕರು ಅದನ್ನು ನಿತ್ಯವೆಂದರು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನಾದರೋ ಜೈನದರ್ಶನವನ್ನು ಅನುಸರಿಸಿ, ಶಬ್ದವು ಒಂದು ದ್ರವ್ಯ, ಅದು ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹೊರಹೊಮ್ಮುತ್ತದೆ, ಅದರ ಬಣ್ಣ ಬಿಳುಪು ಎಂದು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದನು. ದರ್ಶನಗಳ ನಿಲುವು ಏನೇ ಇರಲಿ, ಕಿವಿಗೆ ಬಿದ್ದ ಧ್ವನಿ ಮರುಕ್ಷಣದಲ್ಲಿ ಅಡಗಿಹೋಗುತ್ತದೆ ಎಂಬುದು ಎಲ್ಲರ ಅನುಭವ. ಆ ಅನುಭವಕ್ಕೆ ಮೊದಲ ಅಪವಾದ ದೊರೆತದ್ದು ೧೮೭೭ರಲ್ಲಿ, ಅಮೆರಿಕದ ಥಾಮಸ್ ಎಡಿಸನ್ ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರವನ್ನು ರೂಪಿಸಿದಾಗ. ಅನಂತರ ಗ್ರಾಮಫೋನ್ ತಟ್ಟೆಗಳು ಬಂದವು. ನಮ್ಮ ವೃತ್ತಿರಂಗಭೂಮಿಯ ಹಾಡುಗಳು ಅವುಗಳ ಮೂಲಕ ನಾಟಕಶಾಲೆಯಿಂದ ಮನೆಯಂಗಳಕ್ಕೆ ಇಳಿದವು. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದರು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟಿನಿಂದಾಗಿ, ಮುಂದಿನ ಎರಡು ದಶಕಗಳಲ್ಲಿ ಧ್ವನಿಮುದ್ರಣವೆಂಬುದು ಸಾಮಾನ್ಯ ಗೃಹಸ್ಥನ ಕೈಗೂ ಎಟುಕಿತು.

ಇಂದು ಶಾಲೆಗಳಲ್ಲಿ, ಮಠಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸುವ ಕಾರ್ಯ ಅಲ್ಲಲ್ಲಿ ನಡೆಯುತ್ತಿದೆ. ವಾರ್ಷಿಕೋತ್ಸವದ ಭಾಷಣ, ವಚನಗಾಯನ, ಮಕ್ಕಳ ನಾಟಕ ಮುಂತಾದವನ್ನು ನೇರವಾಗಿ ಗಣಕದಲ್ಲಿಯೇ ಮುದ್ರಿಸುವ ಪರಿಪಾಠವೂ ಬೆಳೆದಿದೆ. ಈ ಕೆಲಸಕ್ಕೆ ಕೈಹಾಕಿದವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸುವ ತೊಡಕು ಒಂದುಂಟು. ಒಬ್ಬರು ತಮ್ಮ ಗಣಕದಲ್ಲಿ ಸಂಪಾದಿಸಿ, ಕೇಳಿ, ತೃಪ್ತರಾಗಿ ಕಳುಹಿಸಿದ ಧ್ವನಿಕಡತವು ಇನ್ನೊಬ್ಬರ ತಂತ್ರಾಂಶದಲ್ಲಿ ತೆರೆಯುವುದಿಲ್ಲ. ತೆರೆದರೂ ಧ್ವನಿ ಕೀರಲಾಗಿ ಕೇಳುತ್ತದೆ, ಇಲ್ಲವೆ ಬರಿಯ ಗರಗರ ಸದ್ದು ಬರುತ್ತದೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೋಲ್ಟು ಮತ್ತು ನಟ್ಟು

ತುಮಕೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯ ಬಳಿಯ ವಸಂತನರಸಾಪುರವು ಇಂದು ಕೈಗಾರಿಕಾ ಪ್ರದೇಶವೆಂದು ಪ್ರಸಿದ್ಧವಾಗಿದೆ. ೨೦೧೪ರ ಸೆಪ್ಟೆಂಬರ್ ೨೪ರಂದು ಪ್ರಧಾನಮಂತ್ರಿಗಳು ಇಲ್ಲಿಯ ಆಹಾರ ಪಾರ್ಕನ್ನು ಉದ್ಘಾಟಿಸಿದರು. ಯಂತ್ರೋಪಕರಣಗಳ ತಯಾರಿಕೆಗೆಂದೇ ಪ್ರತ್ಯೇಕ ಪಾರ್ಕೊಂದು ಇಲ್ಲಿ ರೂಪುಗೊಂಡಿದೆ. ಇಂತಹ ಕಡೆ ಒಂದು ಕಾರ್ಖಾನೆಯ ಬೋಲ್ಟು ಮತ್ತೊಂದು ಕಾರ್ಖಾನೆಯ ನಟ್ಟಿಗೆ ಹೊಂದಿಕೊಳ್ಳಲೇಬೇಕು. ಎಂಟು ಮಿಲಿಮೀಟರ್ ವ್ಯಾಸದ ಬೋಲ್ಟುಗಳಲ್ಲಿ ಸಾಮಾನ್ಯ ಬಗೆಯದರ ಮರೆಗಳ ನಡುವಣ ಅಂತರ ೧.೨೫ ಮಿಲಿಮೀಟರ್, ಸೂಕ್ಷ್ಮ ಮರೆಯ ಬಗೆಯೊಂದರಲ್ಲಿ ಅದು ೧ ಮಿಲಿಮೀಟರ್. ಎರಡರ ವ್ಯಾಸವೂ ಒಂದೇ, ಮೇಲುನೋಟಕ್ಕೆ ರೂಪವೂ ಒಂದೇ. ಆದರೆ ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ನಿಂತುಬಿಡುತ್ತದೆ. ಬಲವಂತವಾಗಿ ತಿರುಗಿಸಿದರೆ ಮರೆಯೇ ಸವೆದುಹೋಗುತ್ತದೆ.

ಧ್ವನಿಕಡತಗಳ ವಿಷಯವೂ ಇದೇ. ಗಣಕಯಂತ್ರಕ್ಕೆ ಧ್ವನಿಯೆಂದರೆ ಅಂಕಿಗಳ ಸಾಲು. ಆ ಅಂಕಿಗಳನ್ನು ಎಷ್ಟು ಬಾರಿ ಅಳೆಯಲಾಯಿತು, ಒಂದೊಂದು ಅಳತೆಗೆ ಎಷ್ಟು ಸ್ಥಳ ಕೊಡಲಾಯಿತು, ಯಾವ ಕ್ರಮದಲ್ಲಿ ಜೋಡಿಸಲಾಯಿತು ಎಂಬ ಒಪ್ಪಂದವು ಬರೆಯುವ ತಂತ್ರಾಂಶಕ್ಕೂ ಓದುವ ತಂತ್ರಾಂಶಕ್ಕೂ ಸಮಾನವಾಗಿರಬೇಕು. ಆ ಒಪ್ಪಂದ ತಪ್ಪಿದಲ್ಲಿ ಹೊರಗಿನ ಹೆಸರು ಒಂದೇ ಆಗಿದ್ದರೂ ಒಳಗಿನ ಮರೆ ಕೂಡುವುದಿಲ್ಲ.

ಈ ತೊಡಕಿನ ಅಣ್ಣನನ್ನು ಕನ್ನಡಿಗರು ಅಕ್ಷರಗಳ ವಿಷಯದಲ್ಲಿ ಮೊದಲೇ ಕಂಡಿದ್ದಾರೆ. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಲೇಖನವನ್ನು, ಆ ವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತಿದ್ದವು. ಕಡತವು ಕೆಟ್ಟಿರಲಿಲ್ಲ, ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಒಪ್ಪಂದ ಮಾತ್ರ ಓದುವ ಗಣಕಕ್ಕೆ ತಿಳಿದಿರಲಿಲ್ಲ. ೧೯೯೧ರಲ್ಲಿ ಯುನಿಕೋಡ್ ಕ್ರಮವು ಕನ್ನಡಕ್ಕೆ ೧೨೮ ಸ್ಥಾನಗಳ ಪಟ್ಟಿಯೊಂದನ್ನು ಮೀಸಲಿಟ್ಟಿತು. ಅದು ಬಳಕೆಗೆ ವ್ಯಾಪಕವಾಗಿ ಬಂದ ಮೇಲೆಯೇ ಈ ಉಪಟಳ ತಗ್ಗಿತು. ಧ್ವನಿಯ ಕ್ಷೇತ್ರದಲ್ಲಿಯೂ ಹಾಗೆಯೇ, ಎಲ್ಲರೂ ಒಪ್ಪಿದ ರೂಪವನ್ನು ಹಿಡಿದರೆ ಬಹುಪಾಲು ತೊಂದರೆ ಹುಟ್ಟುವುದೇ ಇಲ್ಲ.

ಮೂರು ವಸ್ತುಗಳ ವಿವೇಕ

ಧ್ವನಿಸಂಪಾದನೆಯಲ್ಲಿ ತೊಡಗಿದವರು ಮೊದಲು ಮೂರು ವಸ್ತುಗಳನ್ನು ಬೇರೆ ಬೇರೆಯಾಗಿ ಅರಿಯಬೇಕು.

ಮೊದಲನೆಯದು ಯೋಜನಾಕಡತ, ಎಂದರೆ ಪ್ರಾಜೆಕ್ಟ್ ಫೈಲ್. ಎಲ್ಲಿ ಕತ್ತರಿಸಿದೆ, ಎಲ್ಲಿ ಧ್ವನಿಯನ್ನು ಏರಿಸಿದೆ, ಯಾವ ತುಣುಕಿನ ಹಿಂದೆ ಯಾವುದು ಎಂಬ ವಿವರಗಳ ಟಿಪ್ಪಣಿ ಇದು. ಇದನ್ನು ಬರೆದ ತಂತ್ರಾಂಶವೇ ಇದನ್ನು ಓದಬಲ್ಲುದು. ಅನೇಕ ತಂತ್ರಾಂಶಗಳಲ್ಲಿ ಇದರೊಳಗೆ ಧ್ವನಿಯೇ ಇರುವುದಿಲ್ಲ. ಧ್ವನಿಯು ಬೇರೆಲ್ಲಿದೆ ಎಂಬ ಸೂಚನೆ ಮಾತ್ರ ಇರುತ್ತದೆ. ಅಡುಗೆಯ ವಿಧಾನವನ್ನು ಬರೆದ ಚೀಟಿಯನ್ನು ಕಳುಹಿಸಿದರೆ ಅತಿಥಿಯ ಹಸಿವು ತೀರದು.

ಎರಡನೆಯದು ಧ್ವನಿಯನ್ನು ಹೊತ್ತ ಪಾತ್ರೆ. ವೇವ್, ಎಐಎಫ್‌ಎಫ್, ಎಂ೪ಎ, ಆಗ್ ಮುಂತಾದವು ಪಾತ್ರೆಗಳ ಹೆಸರು. ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು ೧೯೯೧ರಲ್ಲಿ ವೇವ್ ರೂಪವನ್ನು ಪ್ರಕಟಿಸಿದವು. ಆಪಲ್ ಸಂಸ್ಥೆಯ ಎಐಎಫ್‌ಎಫ್ ೧೯೮೮ರದು. ಎರಡರಲ್ಲಿಯೂ ಸಾಮಾನ್ಯವಾಗಿ ಸಂಕೋಚಿಸದ ಧ್ವನಿಯೇ ಇರುತ್ತದೆ. ಆದರೆ ಒಂದು ಸಂಖ್ಯೆಯ ಕಿರಿಯ ಭಾಗವನ್ನು ವೇವ್ ಮೊದಲು ಬರೆದರೆ, ಎಐಎಫ್‌ಎಫ್ ಹಿರಿಯ ಭಾಗವನ್ನು ಮೊದಲು ಬರೆಯುತ್ತದೆ. ಈ ಕ್ರಮವನ್ನು ತಿರುಗುಮುರುಗಾಗಿ ಓದಿದರೆ ಸುಶ್ರಾವ್ಯ ಗಾಯನವು ಮಳೆಯ ಬೋರ್ಗರೆತದಂತೆ ಕೇಳುತ್ತದೆ.

ಮೂರನೆಯದು ಪಾತ್ರೆಯೊಳಗಿನ ಪದಾರ್ಥ. ಧ್ವನಿಯನ್ನು ಅಂಕಿಗಳಾಗಿಸಿದ, ಬೇಕಾದರೆ ಸಂಕೋಚಿಸಿದ ವಿಧಾನವಿದು. ಇದಕ್ಕೆ ಕೋಡೆಕ್ ಎಂದು ಹೆಸರು. ಒಂದೇ ಬಗೆಯ ಪಾತ್ರೆಯಲ್ಲಿ ಬೇರೆ ಬೇರೆ ಪದಾರ್ಥಗಳನ್ನು ತುಂಬಬಹುದು. ಎಂ೪ಎ ಪಾತ್ರೆಯಲ್ಲಿ ಎಎಸಿ ಎಂಬ ನಷ್ಟಸಹಿತ ಸಂಕೋಚನವಿರಬಹುದು, ನಷ್ಟರಹಿತವಾದ ಇನ್ನೊಂದು ವಿಧಾನವೂ ಇರಬಹುದು. ಕಡತದ ಹೆಸರಿನ ಕೊನೆಯಲ್ಲಿರುವ ಮೂರು ನಾಲ್ಕು ಅಕ್ಷರಗಳು ಪಾತ್ರೆಯನ್ನು ಸೂಚಿಸುತ್ತವೆಯೇ ಹೊರತು ಪದಾರ್ಥವನ್ನು ಖಚಿತವಾಗಿ ಹೇಳುವುದಿಲ್ಲ.

ಹೊಂದಾಣಿಕೆಯ ದೋಷಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸಿದುದರ ಫಲ. ಇನ್ನು ಆ ದೋಷಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ತೆರೆಯದ ಕಡತ

ಆಡಾಸಿಟಿ ಎಂಬುದು ಶಾಲೆಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ ಉಚಿತ ತಂತ್ರಾಂಶ. ೨೦೦೦ದಲ್ಲಿ ಮೊದಲು ಬಿಡುಗಡೆಯಾಯಿತು. ಇದರಲ್ಲಿ ‘ಸೇವ್’ ಎಂದು ಆಜ್ಞಾಪಿಸಿದರೆ ದೊರೆಯುವುದು ಯೋಜನಾಕಡತ. ‘ಎಕ್ಸ್‌ಪೋರ್ಟ್’, ಎಂದರೆ ರಫ್ತು ಎಂದಾಗಲೇ ಎಲ್ಲರೂ ಕೇಳಬಹುದಾದ ಧ್ವನಿಕಡತ ಹುಟ್ಟುವುದು. ಉಳಿಸಿದುದನ್ನೇ ಕಳುಹಿಸಿ, ರಫ್ತು ಮಾಡಲು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ದೋಷ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ೨೦೨೧ರಲ್ಲಿ ಬಂದ ಮೂರನೆಯ ಆವೃತ್ತಿಗೆ ಮೊದಲು ಆಡಾಸಿಟಿಯ ಯೋಜನೆಯು ಎರಡು ಭಾಗಗಳಾಗಿರುತ್ತಿತ್ತು: ಒಂದು ಚಿಕ್ಕ ಕಡತ, ಜೊತೆಗೆ ಧ್ವನಿಯ ತುಣುಕುಗಳು ತುಂಬಿದ ಒಂದು ಚೀಲ. ಚಿಕ್ಕ ಕಡತವನ್ನಷ್ಟೇ ನಕಲಿಸಿಕೊಂಡು ಚೀಲವನ್ನು ಬಿಟ್ಟರೆ ಧ್ವನಿಯೆಲ್ಲವೂ ಹಿಂದೆಯೇ ಉಳಿಯುತ್ತಿತ್ತು. ಮೂರನೆಯ ಆವೃತ್ತಿಯಿಂದೀಚೆಗೆ ಎಲ್ಲವೂ ಒಂದೇ ಕಡತದಲ್ಲಿ ಅಡಕವಾಗಿವೆ. ಹೊಸ ಆವೃತ್ತಿಯು ಹಳೆಯ ಯೋಜನೆಯನ್ನು ತೆರೆಯಬಲ್ಲುದು. ಹಳೆಯ ಆವೃತ್ತಿಗೆ ಹೊಸ ಯೋಜನೆ ತಿಳಿಯದು. ಆದುದರಿಂದ ಶಾಲೆಯ ಹಳೆಯ ಗಣಕಗಳಲ್ಲಿ ಇಂತಹ ಕಡತ ತೆರೆಯದಿದ್ದರೆ ಮೊದಲು ಆವೃತ್ತಿಯನ್ನು ನೋಡಬೇಕು.

ಹಲವು ಪಟ್ಟಿಗಳಲ್ಲಿ ಮುದ್ರಿಸಿದ ಕಾರ್ಯಕ್ರಮವನ್ನು, ಉದಾಹರಣೆಗೆ ಗಾಯಕ, ಹಾರ್ಮೋನಿಯಂ, ತಬಲಾ ಬೇರೆ ಬೇರೆಯಾಗಿರುವ ಮುದ್ರಣವನ್ನು, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಬೇಕಾದಾಗ ಸುಲಭವಾದ ಉಪಾಯವೊಂದಿದೆ. ಪ್ರತಿಯೊಂದು ಪಟ್ಟಿಯನ್ನೂ ಪ್ರತ್ಯೇಕ ವೇವ್ ಕಡತವಾಗಿ ರಫ್ತು ಮಾಡಬೇಕು. ಎಲ್ಲವೂ ಒಂದೇ ಆರಂಭಬಿಂದುವಿನಿಂದ ಹೊರಡಬೇಕು. ತಬಲಾ ಎರಡನೆಯ ನಿಮಿಷದಲ್ಲಿ ಸೇರಿದರೂ ಅದರ ಕಡತದ ಮೊದಲ ಎರಡು ನಿಮಿಷ ಮೌನವಾಗಿರಲಿ. ಆಗ ಎದುರಿನವರು ಎಲ್ಲವನ್ನೂ ಸೊನ್ನೆಯಲ್ಲಿಟ್ಟರೆ ತಾಳ ತಾನಾಗಿ ಕೂಡುತ್ತದೆ. ಕತ್ತರಿಸಿದ ಸ್ಥಾನಗಳನ್ನೂ ಒಯ್ಯಬಲ್ಲ ಎಎಎಫ್ ಎಂಬ ವಿನಿಮಯರೂಪವುಂಟು. ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ಓದುವುದಿಲ್ಲವಾದ್ದರಿಂದ ಮೊದಲಿನ ಉಪಾಯವೇ ಭದ್ರ.

ಹೆಸರು ಬದಲಿಸಿದ ಮಾತ್ರಕ್ಕೆ

ಎರಡನೆಯ ದೋಷವು ಮೊಬೈಲ್ ದೂರವಾಣಿಗಳಿಂದ ಬಂದದ್ದು. ವಾಟ್ಸ್ಆ್ಯಪ್ ಮೂಲಕ ಬರುವ ಧ್ವನಿಸಂದೇಶಗಳು ಓಪಸ್ ಎಂಬ ವಿಧಾನದಲ್ಲಿರುತ್ತವೆ. ಅನೇಕ ದೂರವಾಣಿಗಳ ಮುದ್ರಕಗಳು ಎಂ೪ಎ ಕಡತವನ್ನು ಕೊಡುತ್ತವೆ. ಹಳೆಯ ದೂರವಾಣಿಗಳಲ್ಲಿದ್ದ ಎಎಂಆರ್ ವಿಧಾನವು ಸೆಕೆಂಡಿಗೆ ೮,೦೦೦ ಅಳತೆಗಳನ್ನಷ್ಟೇ ಹಿಡಿಯುತ್ತಿತ್ತು. ಇವು ಸಂಪಾದನಾ ತಂತ್ರಾಂಶದಲ್ಲಿ ತೆರೆಯದಿದ್ದಾಗ ಕೆಲವರು ಕಡತದ ಕೊನೆಯ ಅಕ್ಷರಗಳನ್ನು ಅಳಿಸಿ ಎಂಪಿ೩ ಎಂದು ಬರೆಯುತ್ತಾರೆ. ರಾಗಿಯ ಚೀಲದ ಮೇಲೆ ಭತ್ತವೆಂದು ಬರೆದರೆ ರಾಗಿ ಭತ್ತವಾಗದು. ಪದಾರ್ಥವೇ ಪರಿವರ್ತನೆಯಾಗಬೇಕು.

ಕಡತದೊಳಗೆ ನಿಜವಾಗಿ ಏನಿದೆ ಎಂಬುದನ್ನು ತಿಳಿಯಲು ಮೀಡಿಯಾಇನ್ಫೋ ಎಂಬ ಉಚಿತ ಸಾಧನವಿದೆ. ಅದು ಪಾತ್ರೆ, ಕೋಡೆಕ್, ಅಳತೆಗಳ ಪ್ರಮಾಣ, ವಾಹಿನಿಗಳ ಸಂಖ್ಯೆ, ಅವಧಿ ಎಲ್ಲವನ್ನೂ ಒಂದೇ ಪುಟದಲ್ಲಿ ತೋರಿಸುತ್ತದೆ. ಪರಿವರ್ತನೆಗೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಾಧನ ಲೋಕಪ್ರಸಿದ್ಧ. ಆಡಾಸಿಟಿಯೊಂದಿಗೆ ಇದನ್ನು ಜೋಡಿಸಿದಲ್ಲಿ ಎಂ೪ಎ ಕಡತಗಳೂ ಅದರಲ್ಲಿ ತೆರೆಯುತ್ತವೆ.

ಕೀರಲು ಧ್ವನಿ

ಮೂರನೆಯದು ಕಡತ ತೆರೆಯುತ್ತದೆ, ಆದರೆ ಹಾಡುಗಾರನ ಕಂಠ ಬಾಲಕನ ಕಂಠದಂತಾಗುತ್ತದೆ ಎಂಬ ದೂರು. ೩೩ ಸುತ್ತಿನ ಗ್ರಾಮಫೋನ್ ತಟ್ಟೆಯನ್ನು ೭೮ ಸುತ್ತಿನ ವೇಗದಲ್ಲಿ ನುಡಿಸಿ ನಕ್ಕ ಹಿರಿಯರಿಗೆ ಇದರ ಕಾರಣ ಕೂಡಲೇ ತಿಳಿಯುತ್ತದೆ. ಗಣಕವು ಧ್ವನಿತರಂಗವನ್ನು ಸೆಕೆಂಡಿಗೆ ಇಂತಿಷ್ಟು ಬಾರಿ ಅಳೆಯುತ್ತದೆ. ಸ್ಯಾಂಪಲ್ ರೇಟ್ ಎಂದು ಕರೆಯುವ ಈ ಎಣಿಕೆಯು ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ೪೪,೧೦೦. ಚಲನಚಿತ್ರ ಮತ್ತು ವೀಡಿಯೋ ಕೆಲಸಗಳಲ್ಲಿ ೪೮,೦೦೦. ೪೪,೧೦೦ರಲ್ಲಿ ಅಳೆದುದನ್ನು ೪೮,೦೦೦ವೆಂದು ತಪ್ಪಾಗಿ ಓದಿದರೆ ವೇಗವು ನೂರಕ್ಕೆ ಸುಮಾರು ೮.೮ರಷ್ಟು ಹೆಚ್ಚುತ್ತದೆ. ಒಂದು ಗಂಟೆಯ ಉಪನ್ಯಾಸ ಸುಮಾರು ೫೫ ನಿಮಿಷಗಳಲ್ಲಿ ಮುಗಿಯುತ್ತದೆ. ಶ್ರುತಿಯು ಒಂದೂವರೆ ಸ್ವರಸ್ಥಾನದಷ್ಟು ಏರುತ್ತದೆ. ಷಡ್ಜವು ರಿಷಭದ ನೆರೆಗೆ ಬಂದು ನಿಂತಿತೆಂದರೆ ಸಂಗೀತಜ್ಞರಿಗೆ ಇದರ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರ ಸರಳ. ಯೋಜನೆಯನ್ನು ಆರಂಭಿಸುವಾಗಲೇ ಒಂದು ಪ್ರಮಾಣವನ್ನು ನಿಶ್ಚಯಿಸಿ, ಮುದ್ರಣ, ಸಂಪಾದನೆ, ರಫ್ತು ಮೂರರಲ್ಲಿಯೂ ಅದನ್ನೇ ಪಾಲಿಸಬೇಕು. ಬೇರೆ ಪ್ರಮಾಣದ ಕಡತ ಕೈಗೆ ಬಂದಲ್ಲಿ ‘ರೀಸ್ಯಾಂಪಲ್’ ಎಂಬ ಆಜ್ಞೆಯಿಂದ ಅದನ್ನು ಪರಿವರ್ತಿಸಬೇಕು. ಪ್ರಮಾಣದ ಸಂಖ್ಯೆಯನ್ನಷ್ಟೇ ಬದಲಿಸಿ ಬರೆದರೆ ಮೇಲೆ ಹೇಳಿದ ದೋಷವೇ ಉಂಟಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಈ ಎರಡು ಆಜ್ಞೆಗಳೂ ಹತ್ತಿರ ಹತ್ತಿರದಲ್ಲಿರುವುದರಿಂದ ಎಚ್ಚರ ಅಗತ್ಯ.

ಗರಗರ ಸದ್ದು, ಒಡೆದ ಧ್ವನಿ

ಒಂದೊಂದು ಅಳತೆಗೆ ಎಷ್ಟು ಸ್ಥಳ ಎಂಬುದು ಬಿಟ್ ಡೆಪ್ತ್. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಅದು ೧೬ ಬಿಟ್, ಸಂಗ್ರಹದ ಕೆಲಸದಲ್ಲಿ ೨೪ ಬಿಟ್. ಸಂಪಾದನಾ ತಂತ್ರಾಂಶಗಳು ತಮ್ಮೊಳಗೆ ೩೨ ಬಿಟ್‌ನ ದಶಮಾಂಶರೂಪವನ್ನು ಬಳಸುತ್ತವೆ. ಇದಕ್ಕೆ ಫ್ಲೋಟ್ ಎನ್ನುತ್ತಾರೆ. ಇದರ ಗುಣವೇನೆಂದರೆ ಧ್ವನಿಯು ಗರಿಷ್ಠ ಮಿತಿಯನ್ನು ದಾಟಿದರೂ ಅಂಕಿ ನಷ್ಟವಾಗುವುದಿಲ್ಲ, ಅನಂತರ ಇಳಿಸಿಕೊಳ್ಳಬಹುದು. ಆದರೆ ಈ ರೂಪದಲ್ಲಿಯೇ ರಫ್ತು ಮಾಡಿದ ವೇವ್ ಕಡತವನ್ನು ಹಳೆಯ ತಂತ್ರಾಂಶಗಳೂ, ಸಭಾಂಗಣದ ಧ್ವನಿವರ್ಧಕಕ್ಕೆ ಪೆನ್‌ಡ್ರೈವ್ ಚುಚ್ಚಿ ನುಡಿಸುವ ಸಣ್ಣ ಉಪಕರಣಗಳೂ ಓದಲಾರವು. ಅವು ನಿರಾಕರಿಸುತ್ತವೆ, ಇಲ್ಲವೇ ಗರಗರ ಸದ್ದನ್ನು ಮಾಡುತ್ತವೆ. ಹಾಗೆಯೇ, ಮಿತಿ ದಾಟಿದ ಧ್ವನಿಯನ್ನು ತಗ್ಗಿಸದೆ ೧೬ ಅಥವಾ ೨೪ ಬಿಟ್‌ಗೆ ರಫ್ತು ಮಾಡಿದರೆ ಅಲೆಯ ಶಿಖರಗಳು ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಹೀಗೆ ಕತ್ತರಿಸಿದ್ದು ಮರಳಿ ಬರುವುದಿಲ್ಲ. ಆದುದರಿಂದ ರಫ್ತಿಗೆ ಮುನ್ನ ಗರಿಷ್ಠ ಮಟ್ಟವನ್ನು ಸೊನ್ನೆ ಡೆಸಿಬೆಲ್‌ಗಿಂತ ಸ್ವಲ್ಪ ಕೆಳಗೆ ತಂದು, ಎದುರಿನವರ ಸಾಧನಕ್ಕೆ ಒಪ್ಪುವ ೧೬ ಅಥವಾ ೨೪ ಬಿಟ್ ರೂಪವನ್ನು ಆರಿಸಬೇಕು.

ಅರ್ಧಕ್ಕೆ ನಿಲ್ಲುವ ಕಡತ

ರಾತ್ರಿಯಿಡೀ ನಡೆಯುವ ಮೂಡಲಪಾಯ ಯಕ್ಷಗಾನದಂತಹ ಪ್ರದರ್ಶನಗಳು ತುಮಕೂರು ಸೀಮೆಯ ಹೆಮ್ಮೆ. ಇಂತಹ ದೀರ್ಘ ಮುದ್ರಣಗಳಲ್ಲಿ ವಿಚಿತ್ರವಾದೊಂದು ತೊಡಕು ಕಾಣಿಸುತ್ತದೆ. ವೇವ್ ಕಡತವು ತನ್ನ ಗಾತ್ರವನ್ನು ೩೨ ಬಿಟ್‌ಗಳ ಸಂಖ್ಯೆಯಲ್ಲಿ ಬರೆದಿಡುವುದರಿಂದ ಸುಮಾರು ೪ ಗಿಗಾಬೈಟಿಗಿಂತ ದೊಡ್ಡ ಗಾತ್ರವನ್ನು ಅದು ಹೇಳಲಾರದು. ೪೮,೦೦೦ ಪ್ರಮಾಣ, ೨೪ ಬಿಟ್, ಎರಡು ವಾಹಿನಿಗಳಾದರೆ ಆ ಮಿತಿ ಸುಮಾರು ೪ ಗಂಟೆ ೮ ನಿಮಿಷಕ್ಕೆ ಮುಗಿಯುತ್ತದೆ. ೩೨ ಬಿಟ್ ಆದರೆ ೩ ಗಂಟೆ ೬ ನಿಮಿಷಕ್ಕೆ. ಅನಂತರ ಓದುವ ತಂತ್ರಾಂಶವು ಕಡತವನ್ನು ಅರ್ಧದಲ್ಲಿ ನಿಲ್ಲಿಸುತ್ತದೆ, ಇಲ್ಲವೇ ಕೆಟ್ಟಿದೆಯೆಂದು ಸಾರುತ್ತದೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ಇದನ್ನು ಮೀರಲು ಆರ್‌ಎಫ್೬೪ ಎಂಬ ವಿಸ್ತೃತ ರೂಪವನ್ನು ನಿಗದಿಪಡಿಸಿದೆ. ಆದರೆ ಸಾಮಾನ್ಯರಿಗೆ ಉಚಿತವಾದ ಮಾರ್ಗವೆಂದರೆ ಪ್ರಸಂಗವನ್ನು ಎರಡೆರಡು ಗಂಟೆಯ ಕಡತಗಳಾಗಿ ಒಡೆದು, ಕ್ರಮಸಂಖ್ಯೆ ಕೊಟ್ಟು ಇಡುವುದು.

ಸಭೆಯಲ್ಲಿ ಮಾಯವಾಗುವ ಮಾತು

ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದರೆ ಸ್ಪಷ್ಟವಾಗಿರುವ ಭಾಷಣ, ಸಭಾಂಗಣದ ಒಂದೇ ಧ್ವನಿವರ್ಧಕದಲ್ಲಿ ನುಡಿಸಿದಾಗ ಮಾಯವಾಗುವುದುಂಟು. ಕೇಳುವವರಿಗೆ ಇದು ಪವಾಡದಂತೆ ತೋರುತ್ತದೆ. ಎರಡು ತಂತಿಗಳಲ್ಲಿ ಒಂದೇ ಧ್ವನಿಯನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಒಯ್ಯುವ ಮೈಕ್ರೋಫೋನನ್ನು ಎರಡು ವಾಹಿನಿಗಳ ಕಿಂಡಿಗೆ ಸರಿಯಾದ ಜೋಡಣೆಯಿಲ್ಲದೆ ಚುಚ್ಚಿದಾಗ, ಎಡ ವಾಹಿನಿಯಲ್ಲಿ ಅಲೆ ಏರುವಾಗ ಬಲ ವಾಹಿನಿಯಲ್ಲಿ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಮೊತ್ತ ಸೊನ್ನೆ. ಸಂಪಾದನಾ ತಂತ್ರಾಂಶದಲ್ಲಿ ಒಂದು ವಾಹಿನಿಯನ್ನು ‘ಇನ್ವರ್ಟ್’ ಮಾಡಿದರೆ, ಅಥವಾ ಒಂದನ್ನೇ ಉಳಿಸಿಕೊಂಡರೆ ದೋಷ ಕಳೆಯುತ್ತದೆ. ಸಭೆಗಾಗಿ ರಫ್ತು ಮಾಡುವ ಮುನ್ನ ಒಮ್ಮೆ ಏಕವಾಹಿನಿಯಲ್ಲಿ, ಎಂದರೆ ಮೋನೋ ರೂಪದಲ್ಲಿ ಕೇಳಿ ನೋಡುವುದು ಒಳ್ಳೆಯ ಅಭ್ಯಾಸ.

ನಕಲಿನ ನಕಲು

ಎಂಪಿ೩ ರೂಪವು ಜನಪ್ರಿಯವಾದುದು ಅದರ ಚಿಕ್ಕ ಗಾತ್ರದಿಂದ. ಸೆಕೆಂಡಿಗೆ ೧೨೮ ಕಿಲೋಬಿಟ್‌ನ ಎಂಪಿ೩ ಕಡತವು ಕಾಂಪ್ಯಾಕ್ಟ್ ಡಿಸ್ಕಿನ ಧ್ವನಿಗಿಂತ ಸುಮಾರು ಹನ್ನೊಂದು ಪಟ್ಟು ಚಿಕ್ಕದು. ಕಿವಿಗೆ ಅಷ್ಟಾಗಿ ಗೋಚರವಾಗದ ಅಂಶಗಳನ್ನು ತೆಗೆದುಹಾಕುವುದರಿಂದ ಈ ಉಳಿತಾಯ ಸಾಧ್ಯವಾಗುತ್ತದೆ. ತೆಗೆದುದು ಹಿಂದಿರುಗುವುದಿಲ್ಲ. ಎಂಪಿ೩ಯನ್ನು ತೆರೆದು, ಸಂಪಾದಿಸಿ, ಮತ್ತೆ ಎಂಪಿ೩ಯಾಗಿ ರಫ್ತು ಮಾಡಿದ ಪ್ರತಿ ಬಾರಿಯೂ ಇನ್ನಷ್ಟು ನಷ್ಟವಾಗುತ್ತದೆ. ಓಲೆಗರಿಯ ಗ್ರಂಥವನ್ನು ಪ್ರತಿಯಿಂದ ಪ್ರತಿಗೆ ನಕಲಿಸುತ್ತ ಹೋದಾಗ ಲಿಪಿಕಾರನ ಸ್ಖಾಲಿತ್ಯಗಳು ಸೇರುತ್ತ ಹೋಗುವಂತೆಯೇ ಇದು. ಇದಲ್ಲದೆ ಎಂಪಿ೩ಯಲ್ಲಿ ಆರಂಭಕ್ಕೆ ಅತ್ಯಲ್ಪ ಮೌನವೊಂದು ಸೇರುವುದರಿಂದ ತಾಳ ಕೂಡಿಸಬೇಕಾದ ಪಟ್ಟಿಗಳಿಗೆ ಅದು ಯೋಗ್ಯವಲ್ಲ. ಬದಲಾಗುವ ಬಿಟ್ ಪ್ರಮಾಣದ ಎಂಪಿ೩ಯನ್ನು ಕೆಲವು ವೀಡಿಯೋ ತಂತ್ರಾಂಶಗಳಿಗೆ ಕೊಟ್ಟರೆ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುವುದುಂಟು. ಎಂಪಿ೩ ಹಂಚಲು ಒಳ್ಳೆಯದು, ಸಂಗ್ರಹಿಸಲು ಸಲ್ಲದು.

ಹೆಸರಿನಲ್ಲಿರುವ ತೊಡಕು

ಕನ್ನಡಿಗರಿಗೇ ವಿಶಿಷ್ಟವಾದ ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಇಂದಿನ ಗಣಕಗಳಲ್ಲಿ ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಡಬಹುದು. ಆದರೆ ಯುನಿಕೋಡಿನಲ್ಲಿ ‘ಕೊ’ ಎಂಬುದರ ಒತ್ವವನ್ನು ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ದೀರ್ಘ ಉಕಾರದ ಚಿಹ್ನೆಗಳೆರಡರ ಜೋಡಣೆಯಾಗಿ. ಕಣ್ಣಿಗೆ ಎರಡೂ ಒಂದೇ. ಎರಡೂ ಸಮಾನವೆಂದು ಯುನಿಕೋಡ್ ನಿಯಮವೂ ಹೇಳುತ್ತದೆ. ಆಪಲ್ ಗಣಕಗಳ ಹಳೆಯ ಕಡತವ್ಯವಸ್ಥೆಯು ಹೆಸರನ್ನು ಬಿಡಿಸಿದ ರೂಪದಲ್ಲಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಬೇರೆ ಗಣಕಕ್ಕೆ ಹೋದಾಗ, ಅಂಕಿಗಳನ್ನಷ್ಟೇ ಹೋಲಿಸುವ ತಂತ್ರಾಂಶವು ಕಣ್ಣೆದುರಿಗಿರುವ ಕಡತವನ್ನೇ ಕಾಣದೆ ‘ಕಡತ ಇಲ್ಲ’ ಎನ್ನಬಹುದು. ಸಣ್ಣ ಉಪಕರಣಗಳಂತೂ ಕನ್ನಡದ ಹೆಸರನ್ನು ಚೌಕಗಳ ಸಾಲಾಗಿ ತೋರಿಸುತ್ತವೆ. ಭಾಷಾಭಿಮಾನಕ್ಕೆ ಇದರಿಂದ ಕುಂದಿಲ್ಲವೆಂದು ತಿಳಿದು, ಕಡತದ ಹೆಸರನ್ನು ರೋಮನ್ ಅಕ್ಷರ ಮತ್ತು ಅಂಕಿಗಳಲ್ಲಿ ಚಿಕ್ಕದಾಗಿಟ್ಟು, ಕನ್ನಡದಲ್ಲಿ ಪೂರ್ಣ ವಿವರದ ಪಟ್ಟಿಯೊಂದನ್ನು ಜೊತೆಗಿಡುವುದು ಲೇಸು. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬಂದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ನಿದಾನಕ್ರಮ

ವೈದ್ಯನು ಚಿಕಿತ್ಸೆಗೆ ಮೊದಲು ನಿದಾನವನ್ನು ಮಾಡುವಂತೆ, ತೊಡಕು ಬಂದಾಗ ಕೆಳಗಿನ ಕ್ರಮವನ್ನು ಅನುಸರಿಸಿದರೆ ಕಾಲಹರಣ ತಪ್ಪುತ್ತದೆ.

ಮೊದಲು, ಬಂದದ್ದು ಯೋಜನಾಕಡತವೋ ಧ್ವನಿಕಡತವೋ ಎಂದು ನೋಡಬೇಕು. ಎರಡನೆಯದಾಗಿ, ಮೂಲಕಡತದ ಒಂದು ನಕಲನ್ನು ಮಾಡಿ, ನಕಲಿನ ಮೇಲೆಯೇ ಎಲ್ಲ ಪ್ರಯೋಗವನ್ನೂ ನಡೆಸಬೇಕು. ಮೂರನೆಯದಾಗಿ, ವಿಎಲ್‌ಸಿಯಂತಹ ಸಾಮಾನ್ಯ ವಾದಕದಲ್ಲಿ ನುಡಿಸಬೇಕು: ಅಲ್ಲಿ ನುಡಿದರೆ ಕಡತ ಆರೋಗ್ಯವಾಗಿದೆ, ದೋಷವು ಓದುವ ತಂತ್ರಾಂಶದ ಮಿತಿಯಲ್ಲಿದೆ. ನಾಲ್ಕನೆಯದಾಗಿ, ಮೀಡಿಯಾಇನ್ಫೋದಲ್ಲಿ ಒಳಗಿನ ವಿವರವನ್ನು ಓದಿ, ಎದುರಿನ ತಂತ್ರಾಂಶವು ಒಪ್ಪುವ ರೂಪದೊಡನೆ ಹೋಲಿಸಬೇಕು. ಐದನೆಯದಾಗಿ, ಕಳುಹಿಸಿದ ಮತ್ತು ಬಂದ ಕಡತಗಳ ಗಾತ್ರ, ಅವಧಿಗಳನ್ನು ತಾಳೆ ನೋಡಬೇಕು. ಗಾತ್ರ ಕಡಿಮೆಯಿದ್ದರೆ ಸಾಗಣೆಯಲ್ಲಿಯೇ ತುಂಡಾಗಿದೆ. ಕೊನೆಯದಾಗಿ, ಮೂಲ ತಂತ್ರಾಂಶಕ್ಕೆ ಹಿಂದಿರುಗಿ ೪೮,೦೦೦ ಅಥವಾ ೪೪,೧೦೦ ಪ್ರಮಾಣದ, ೧೬ ಬಿಟ್‌ನ ಸಂಕೋಚಿಸದ ವೇವ್ ಕಡತವಾಗಿ ಮತ್ತೊಮ್ಮೆ ರಫ್ತು ಮಾಡಬೇಕು. ಇದನ್ನು ಓದಲಾರದ ಸಂಪಾದನಾ ತಂತ್ರಾಂಶ ಬಹು ವಿರಳ.

ಏನನ್ನು ಉಳಿಸಬೇಕು

ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ ಹಳೆಯ ಮುದ್ರಣಗಳನ್ನು ಅಂಕೀಕರಿಸಲು ಕನಿಷ್ಠ ೪೮,೦೦೦ ಪ್ರಮಾಣ ಮತ್ತು ೨೪ ಬಿಟ್ ಇರಬೇಕೆಂದೂ, ವೇವ್ ಪಾತ್ರೆಯಲ್ಲಿ ಸಂಕೋಚಿಸದೆ ಇಡಬೇಕೆಂದೂ ಹೇಳುತ್ತದೆ. ಈ ಲೆಕ್ಕದಲ್ಲಿ ಎರಡು ವಾಹಿನಿಗಳ ಒಂದು ಗಂಟೆಯ ಧ್ವನಿಗೆ ಸುಮಾರು ಒಂದು ಗಿಗಾಬೈಟ್ ಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಗಿಗಾಬೈಟ್. ಒಂದು ಟೆರಾಬೈಟಿನ ತಟ್ಟೆಯಲ್ಲಿ ಇಂತಹ ಆರುನೂರಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಹಿಡಿಯುತ್ತವೆ. ಸ್ಥಳ ಸಾಲದಿದ್ದಲ್ಲಿ ೨೦೦೧ರಲ್ಲಿ ಬಂದ ಫ್ಲ್ಯಾಕ್ ಎಂಬ ಮುಕ್ತ ರೂಪವನ್ನು ಬಳಸಬಹುದು. ಅದು ಒಂದು ಅಂಕಿಯನ್ನೂ ಕಳೆಯದೆ ಗಾತ್ರವನ್ನು ಗಣನೀಯವಾಗಿ ತಗ್ಗಿಸುತ್ತದೆ.

ಆದುದರಿಂದ ಪ್ರತಿಯೊಂದು ಮುದ್ರಣಕ್ಕೂ ಮೂರು ರೂಪಗಳಿರಲಿ: ಯಾರೂ ತಿದ್ದದ ೨೪ ಬಿಟ್‌ನ ಮೂಲಪ್ರತಿ, ಸಂಪಾದಿಸಿದ ವೇವ್ ಪ್ರತಿ, ಹಂಚಲು ಎಂಪಿ೩. ಮೂಲಪ್ರತಿಯನ್ನು ಎರಡು ಬೇರೆ ಬೇರೆ ಕಟ್ಟಡಗಳಲ್ಲಿ, ಎರಡು ತಟ್ಟೆಗಳಲ್ಲಿ ಇಡಬೇಕು. ರಫ್ತು ಮಾಡಿದ ಕಡತವನ್ನು ಮತ್ತೊಂದು ಗಣಕದ ಮತ್ತೊಂದು ತಂತ್ರಾಂಶದಲ್ಲಿ ಆದಿ, ಮಧ್ಯ, ಅಂತ್ಯಗಳಲ್ಲಿ ಕೇಳಿ ನೋಡಿದ ಹೊರತು ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಸೇರಿಸಬಾರದು. ಕೇಳಿದ ಮೇಲೆಯೂ ಅದನ್ನು ಎಸೆಯಬಾರದು.

ಇಷ್ಟು ಎಚ್ಚರ ಏಕೆಂದರೆ, ಕ್ಯಾಸೆಟ್ಟಿನ ಸುರುಳಿ ಮುಪ್ಪಾಗುತ್ತಿದೆ. ಅದನ್ನು ನುಡಿಸುವ ಒಳ್ಳೆಯ ಯಂತ್ರಗಳೂ ಅವನ್ನು ರಿಪೇರಿ ಮಾಡಬಲ್ಲವರೂ ವಿರಳವಾಗುತ್ತಿದ್ದಾರೆ. ಎಷ್ಟೋ ಸುರುಳಿಗಳನ್ನು ಇನ್ನೊಂದೇ ಬಾರಿ ಸರಿಯಾಗಿ ಓಡಿಸಲು ಸಾಧ್ಯವಾದೀತು. ಆ ಒಂದು ಅವಕಾಶದಲ್ಲಿ ಹಿಡಿದ ಧ್ವನಿಯು ತಪ್ಪು ರಫ್ತಿನಿಂದ ಕೆಟ್ಟರೆ ಮತ್ತೆ ಹಿಡಿಯಲು 'ಮೂಲ'ವೇ ಇರುವುದಿಲ್ಲ. ವಸಂತನರಸಾಪುರದ ಆಸುಪಾಸಿನ ಹೊಲಗಳಲ್ಲಿ ಕಾರ್ಖಾನೆಗಳು ಎದ್ದಿವೆ. ಮಕ್ಕಳಿಗೆ ಅಲ್ಲಿ ಉದ್ಯೋಗ ದೊರೆಯುತ್ತಿರುವುದು ಸಂತೋಷದ ಸಂಗತಿ. ಆದರೆ ರಾಗಿ ಬೀಸುವಾಗಿನ ಪದ, ಮದುವೆಯ ಸೋಬಾನೆ, ಗುಬ್ಬಿಯ ನಾಟಕ ಪರಂಪರೆಯ ಕಂದಗಳನ್ನು ಹಾಡುತ್ತಿದ್ದ ಹಿರಿಯರ ಕಂಠ, ಕುಣಿಗಲ್ ಕೆರೆಯ ಕಥೆ ಹೇಳುತ್ತಿದ್ದ ಅಜ್ಜಿಯರ ದನಿ ಇವು ಯಾವ ಮನೆಯ ಪೆಟ್ಟಿಗೆಯಲ್ಲಿ ಉಳಿದಿವೆಯೋ ಅಲ್ಲಿಂದಲೇ ದೊರೆಯಬೇಕು.

ಡಾ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ಓಲೆಗರಿಗಳನ್ನು ಅರಸಿ, ಶೋಧಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುಂದೆ ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಗರಿಯಿಂದ ಕಾಗದಕ್ಕೆ ಅಕ್ಷರವನ್ನು ತಪ್ಪಿಲ್ಲದೆ ದಾಟಿಸುವುದೇ ಆ ಕಾಲದ ಕರ್ತವ್ಯವಾಗಿತ್ತು. ಸುರುಳಿಯಿಂದ ಗಣಕಕ್ಕೆ ಧ್ವನಿಯನ್ನು ತಪ್ಪಿಲ್ಲದೆ ದಾಟಿಸುವುದು ಈ ಕಾಲದ ಕರ್ತವ್ಯ. ಇದಕ್ಕೆ ಬೇಕಾದ ಸಾಧನಗಳು ಅಲ್ಪ: ಸುಸ್ಥಿತಿಯಲ್ಲಿರುವ ಒಂದು ಕ್ಯಾಸೆಟ್ ವಾದಕ, ಧ್ವನಿಯನ್ನು ಗಣಕಕ್ಕೆ ಒಯ್ಯುವ ಒಂದು ಚಿಕ್ಕ ಉಪಕರಣ, ಎರಡು ಸಂಗ್ರಹ ತಟ್ಟೆಗಳು. ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ದಾನಿಗಳು ಈ ಸಾಧನಗಳನ್ನು ಒದಗಿಸಿ, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಕ್ಯಾಸೆಟ್ಟುಗಳನ್ನು ತಂದುಕೊಟ್ಟು, ಅದರಲ್ಲಿ ಹಾಡಿದವರಾರು, ಯಾವ ಊರು, ಯಾವ ವರ್ಷ ಎಂಬುದನ್ನು ಬರೆಸಿ, ಅಧ್ಯಾಪಕರು ಮೇಲಿನ ಕ್ರಮವನ್ನು ಮಕ್ಕಳಿಗೆ ಕಲಿಸಿದಲ್ಲಿ ಒಂದೆರಡು ವರ್ಷಗಳೊಳಗೆ ಪ್ರತಿಯೊಂದು ಶಾಲೆಯೂ ತನ್ನ ಸೀಮೆಯ ಧ್ವನಿಭಂಡಾರವನ್ನು ಕಟ್ಟಿಕೊಳ್ಳಬಹುದು. ಮುಂದಿನ ಪೀಳಿಗೆ ಯಾವ ತಂತ್ರಾಂಶವನ್ನು ಬಳಸಿದರೂ ತೆರೆಯಬಲ್ಲ ರೂಪದಲ್ಲಿ ಅದು ಅವರ ಕೈಸೇರಲಿ.